ರಕ್ತ ಕಂಡ ಮಿಷನ್

ಹಳೆ ಸ್ಕೂಟರಿಗೆ ಗಿರಾಕಿ ಸಿಗುತ್ತದೆ, ಹಳೆ ಫ್ರಿಜ್ಜಿಗೂ ಸಿಗುತ್ತದೆ. ಹಳೆ ಮರ ಕೊಯ್ಯುವ ಮಿಷನ್ ಮಾತ್ರ ಒಮ್ಮೆ ಅಂಗಡಿಯ ಹಲಗೆ ಹತ್ತಿತೆಂದರೆ ಕೆಳಗಿಳಿಯುವುದು ಯಾವ ಕಾಲಕ್ಕೋ. ಕೊಪ್ಪದಲ್ಲಿ ಪ್ರಸನ್ನಕುಮಾರನ ರಿಪೇರಿ ಅಂಗಡಿಯಲ್ಲಿ ಅಂಥವು ಏಳು ಸಾಲಾಗಿ ಕೂತಿದ್ದವು. ಹೊಸ ಮಿಷನ್ ಕಂತಿನ ಮೇಲೆ ಮನೆ ಬಾಗಿಲಿಗೇ ಬರುವಾಗ ಇನ್ನೊಬ್ಬ ದುಡಿಸಿ ಬಿಟ್ಟ ಇಂಜಿನ್ ಯಾರಿಗೆ ಬೇಕು? ಬಂದವರು ದಾರ ಎಳೆದು ಸದ್ದು ಕೇಳುತ್ತಾರೆ, ಚೈನಿನ ಹಲ್ಲು ಮುಟ್ಟಿ ನೋಡುತ್ತಾರೆ, ದೊಡ್ಡ ಮೆಕ್ಯಾನಿಕ್ಕುಗಳ ಹಾಗೆ ಮೂಗು ಮುರಿಯುತ್ತಾರೆ. "ನಾಳೆ ಬರ್ತೇನೆ" ಎಂದು ಹೋಗುತ್ತಾರೆ. ಆ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ.

ಆ ಏಳರಲ್ಲಿ ಒಂದು ಕೆರೆಕಟ್ಟೆಯ ಶೇಷಪ್ಪನದು. ಬಾಳೆಹೊನ್ನೂರು ಸುತ್ತಿನ ಕಾಫಿ ತೋಟಗಳಲ್ಲಿ ನೆರಳಿನ ಮರದ ಕೊಂಬೆ ಇಳಿಸಿ, ಗಾಳಿಗೆ ಬಿದ್ದ ಮರ ತುಂಡು ಮಾಡಿ ಬದುಕಿದವನು ಅವನು. ಈಗ ಬಲಗೈ ಬೆರಳುಗಳು ಬಿಳಿಚಿಕೊಂಡು ಮರಗಟ್ಟುತ್ತಿದ್ದವು. ಚಾ ಲೋಟ ಹಿಡಿದರೆ ಅರ್ಧ ಚಾ ಅಂಗಿಯ ಮೇಲೆ. ಇಂಜಿನ್ನಿನ ನಡುಕ ಕೈಯಲ್ಲಿ ಕೂತುಬಿಟ್ಟಿದೆ, ಇನ್ನು ಮಿಷನ್ ಹಿಡಿಯಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅದೃಷ್ಟಕ್ಕೆ ಶೃಂಗೇರಿಯ ಹೊನ್ನಕ್ಕ ತನ್ನ ಹಿಟ್ಟಿನ ಗಿರಣಿಯನ್ನು ನಡೆಸಲು ಅವನಿಗೇ ಕೊಡುತ್ತೇನೆಂದಳು. ದೀಪಾವಳಿಯೊಳಗೆ ಮುಂಗಡ ಕೊಡಬೇಕು, ಅಷ್ಟೆ. ಮಿಷನ್ ಮಾರಿದರೆ ಗಿರಣಿ. ಮಾರದಿದ್ದರೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಡುಗುವ ಕೈ ಇಟ್ಟುಕೊಂಡು ಯಾರ ತೋಟದ ಗೇಟಿಗೆ ಹೋಗಿ ನಿಲ್ಲುವುದು?

ಈ ಕಸುಬಿನವರಲ್ಲಿ ಒಂದು ಕ್ರಮ ಇತ್ತು. ಮನುಷ್ಯರ ರಕ್ತ ಕಂಡ ಮಿಷನ್ನನ್ನು ಯಾರೂ ಮನೆಗೆ ತರುತ್ತಿರಲಿಲ್ಲ. ಇಂಜಿನ್ ಎಷ್ಟೇ ಚೆನ್ನಾಗಿರಲಿ, ಬಿಟ್ಟಿ ಕೊಟ್ಟರೂ ಬೇಡ. ಮಾರುವವನನ್ನು ಕೇಳಿದರೆ ನಿಜ ಹೇಳುತ್ತಾನೆಯೇ? ಅದಕ್ಕೇ ಕೇಳುತ್ತಿದ್ದುದು ಹಗ್ಗದವನನ್ನು. ಮರಕ್ಕೆ ಕಟ್ಟಿದ ಹಗ್ಗವನ್ನು ದೂರ ನಿಂತು ಜಗ್ಗಿ, ಎತ್ತ ಬೀಳಿಸಬೇಕೋ ಅತ್ತ ಬೀಳಿಸುವವನು ಹಗ್ಗದವ. ಅವನು ಒಂದು ಗಳಿಗೆ ಮೈಮರೆತರೆ ಮರ ಬುಡದಲ್ಲಿದ್ದವನ ತಲೆಯ ಮೇಲೆ. ಹಾಗಾಗಿ ಅವನ ಮಾತಿಗೆ ಕೋರ್ಟಿನ ಸಾಕ್ಷಿಗಿಂತ ಹೆಚ್ಚು ಬೆಲೆ.

ಶೇಷಪ್ಪನ ಹಗ್ಗದವ ವಿಘ್ನೇಶ್ವರ. ಹದಿನಾರು ವರ್ಷ ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು. ಬೇರೆ ಮಾರುವವರು ಹಗ್ಗದವನ ವಿಷಯ ಬಂದರೆ ತಡವರಿಸುತ್ತಿದ್ದರು. ಶೇಷಪ್ಪ ಮಾತ್ರ ಗಿರಾಕಿ ಬಾಯಿ ತೆರೆಯುವ ಮೊದಲೇ ವಿಘ್ನೇಶ್ವರನ ನಂಬರು ಕೊಟ್ಟುಬಿಡುತ್ತಿದ್ದ. "ನನ್ನನ್ನ ಕೇಳ್ಬೇಡಿ, ಅವನ್ನ ಕೇಳಿ" ಎನ್ನುವಾಗ ಅವನಿಗೆ ಒಳಗೊಳಗೇ ಹೆಮ್ಮೆ.

ಎಂಟು ತಿಂಗಳಲ್ಲಿ ಒಂಬತ್ತು ಜನ ಬಂದರು. ಒಂಬತ್ತು ಜನರೂ ನಂಬರು ತೆಗೆದುಕೊಂಡರು, ಒಬ್ಬರೂ ತಿರುಗಿ ಬರಲಿಲ್ಲ. ತಪ್ಪು ಮಿಷನ್ನಿನದೇ ಎಂದುಕೊಂಡ ಶೇಷಪ್ಪ ಪಿಸ್ಟನ್ ರಿಂಗು ಬದಲಿಸಿದ. ಹೊಸ ಚೈನ್ ಹಾಕಿಸಿದ. ಮದುವೆ ಹೆಣ್ಣಿಗೆ ಅಲಂಕಾರ ಮಾಡಿದ ಹಾಗೆ ಉಜ್ಜಿ ಉಜ್ಜಿ ಒರೆಸಿದ. ಮಳೆಗಾಲ ಮುಗಿದರೂ ಅದು ಹಲಗೆ ಬಿಟ್ಟು ಇಳಿಯಲಿಲ್ಲ.

"ಕಾಲವೇ ಹಾಂಗಿದೆ ಮಾರಾಯ," ಎಂದು ವಿಘ್ನೇಶ್ವರ ಸಮಾಧಾನ ಹೇಳಿದ. "ಹಳೇದು ಯಾರಿಗೂ ಬ್ಯಾಡ. ಕೊನೆಗೆ ಯಾರೂ ತಗಳ್ಳಿಲ್ಲ ಅಂದ್ರೆ ಗುಜರಿ ರೇಟಿಗೆ ನಾನೇ ತಗಳ್ತೆ ಬಿಡು. ನಿಂಗೆ ಕೈ ಖಾಲಿ ಆಗದು ಬ್ಯಾಡ."

ಆ ಮಾತಿಗೆ ಶೇಷಪ್ಪನ ಕಣ್ಣು ತುಂಬಿ ಬಂದಿತ್ತು. ಮನೆಗೆ ಬಂದು ಹೆಂಡತಿ ಸೀತಕ್ಕನ ಹತ್ತಿರ, "ಒಡಹುಟ್ಟಿದವರೂ ಇಷ್ಟು ಯೋಚನೆ ಮಾಡೂದಿಲ್ಲ" ಎಂದಿದ್ದ.

ಹಬ್ಬಕ್ಕೆ ಹತ್ತು ದಿನ ಇರುವಾಗ ಸೀತೂರಿನ ಕಲ್ಲೇಶಪ್ಪ ಬಂದರು. ಅಡಿಕೆ, ಕಾಫಿ ಎರಡೂ ಇದ್ದ ಅನುಕೂಲಸ್ಥರು. ದಾರ ಎರಡೇ ಸಲ ಎಳೆದರು, ಮಿಷನ್ ಗುರ್ರೆಂದಿತು. ಅಂಗಡಿ ಮುಂದೆ ಬಿದ್ದಿದ್ದ ಸಿಲ್ವರ್ ಮರದ ತುಂಡನ್ನು ಕೊಯ್ದು ನೋಡಿದರು. ಚೌಕಾಸಿಯನ್ನೂ ಮಾಡದೆ ಒಪ್ಪಿದರು. ಶೇಷಪ್ಪ ಎಂದಿನಂತೆ ನಂಬರು ಕೊಟ್ಟ. ಮರುದಿನ ಅವರು ಪ್ರಸನ್ನಕುಮಾರನಿಗೆ ಫೋನ್ ಮಾಡಿ ಬೇಡವೆಂದರು, ಕಾರಣ ಹೇಳಲಿಲ್ಲ.

ಈ ಸಲ ಶೇಷಪ್ಪನಿಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಸೀತೂರಿಗೇ ಹೋದ. ಕಲ್ಲೇಶಪ್ಪ ಅಂಗಳದಲ್ಲಿ ಅಡಿಕೆ ಹರಡಿಸುತ್ತಿದ್ದರು. ಅವನನ್ನು ಕಂಡು ಅವರ ಮುಖ ಸಪ್ಪಗಾಯಿತು.

"ಎಂತ ಕಮ್ಮಿ ಆಯ್ತು ಹೇಳಿ ಕಲ್ಲೇಶಪ್ಪನೋರೇ. ಸರಿ ಮಾಡಿ ಕೊಡ್ತೇನೆ."

"ಮಿಷನ್ನಿಗೆ ಎಂತ ಕಮ್ಮಿನೂ ಇಲ್ಲ ಶೇಷಪ್ಪ. ನೀನು ಮೊದ್ಲೇ ಹೇಳ್ಬೌದಿತ್ತು ಅಂತ ಅಷ್ಟೇ ಬೇಜಾರು."

"ಎಂತ ಹೇಳ್ಬೇಕಿತ್ತು?"

ಕಲ್ಲೇಶಪ್ಪ ಅಡಿಕೆ ಬಿಟ್ಟು ಹತ್ತಿರ ಬಂದರು. "ಫೋನ್ ಮಾಡಿದ್ದಕ್ಕೆ ನಿನ್ನ ಹಗ್ಗದವ ಮನೆಗೇ ಬಂದಿದ್ದ. ಪಾಪ, ನಿನ್ನ ಬಗ್ಗೆ ಒಂದು ಕೆಟ್ಟ ಮಾತಾಡ್ಲಿಲ್ಲ. ಪ್ಯಾಂಟು ಮೇಲೆತ್ತಿ ಮೀನಖಂಡ ತೋರಿಸ್ದ. ಅಷ್ಟುದ್ದ ಗಾಯದ ಗುರ್ತು. ಈ ಮಿಷನ್ನೇ ಕೊಯ್ದದ್ದು, ಶೇಷಪ್ಪನಿಗೆ ಹೇಳ್ಬೇಡಿ, ಅವನಿಗೆ ಕಷ್ಟ ಇದೆ ಅಂದ."

ಆ ಗಾಯ ಶೇಷಪ್ಪನಿಗೆ ಗೊತ್ತಿಲ್ಲದ್ದೇ? ಐದು ವರ್ಷದ ಹಿಂದೆ ಕೊಂಬೆ ಸವರುವಾಗ ವಿಘ್ನೇಶ್ವರನ ಕೈಯಿಂದಲೇ ಕತ್ತಿ ಜಾರಿತ್ತು. ಆ ಹೊತ್ತು ಮಿಷನ್ ಜೀಪಿನಲ್ಲಿತ್ತು. ತನ್ನ ಪಂಚೆ ಹರಿದು ಕಟ್ಟಿದವನು ಶೇಷಪ್ಪ, ರಸ್ತೆಯವರೆಗೆ ಹೆಗಲ ಮೇಲೆ ಹೊತ್ತವನು ಶೇಷಪ್ಪ. ಅದನ್ನೆಲ್ಲ ಅವನು ಕಲ್ಲೇಶಪ್ಪನವರಿಗೆ ಹೇಳಿದ. ಕಲ್ಲೇಶಪ್ಪ ನಂಬಿದರು, ನಂಬಿದ್ದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು.

"ಆದ್ರೂ ಬ್ಯಾಡ ಶೇಷಪ್ಪ," ಎಂದರು. ಜಗಲಿಯಲ್ಲಿ ಕೂತಿದ್ದ ತಾಯಿ ವೀರಬಸಮ್ಮನ ಕಡೆ ನೋಡಿ ದನಿ ತಗ್ಗಿಸಿದರು. "ಅವ್ವನ ಕಿವಿಗೆ ಬಿದ್ದಾಗಿದೆ. ಕೆಲಸದೋರಿಗೂ ಗೊತ್ತಾಗಿದೆ. ನಾಳೆ ಒಬ್ಬನಿಗೆ ಒಂದು ಗೀರು ಆದ್ರೂ ನನ್ನ ತಲೆಗೇ ಬರ್ತದೆ. ಸುಳ್ಳು ಅಂತ ಎಷ್ಟು ಜನರಿಗೆ ಹೇಳ್ಕಂಡು ತಿರಗ್ಲಿ?"

ಒಂಬತ್ತು ಮತ್ತೊಂದು ಹತ್ತು. ಹತ್ತು ಮನೆಯಲ್ಲೂ ಈ ಮಾತು ಹೀಗೇ ಬೇರು ಬಿಟ್ಟಿರುತ್ತದೆ. ಹತ್ತೂ ಜನರನ್ನು ಆ ಬಾಗಿಲಿಗೆ ಕಳಿಸಿದವನು ಯಾರು? ತಾನೇ! ನಂಬರು ಕೂಡ ತನ್ನ ಕೈಯಾರೆ ಬರೆದುಕೊಟ್ಟದ್ದು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತ ಶೇಷಪ್ಪನಿಗೆ ಕೋಪಕ್ಕಿಂತ ಮೊದಲು ಬಂದದ್ದು ನಾಚಿಕೆ. ಕೊಪ್ಪ ಹತ್ತಿರ ಬಂದಂತೆ ಕೋಪ ಬಂತು. ಹದಿನಾರು ವರ್ಷ ಪ್ರತಿ ಮರದ ಬುಡದಲ್ಲೂ ಬೆನ್ನು ತಿರುಗಿಸಿ ಕೂತದ್ದು ಇವನನ್ನು ನಂಬಿ. ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಹಬ್ಬಕ್ಕೆ ಎರಡು ದಿನ ಉಳಿದಾಗ ಶೇಷಪ್ಪ ಫೋನ್ ಮಾಡಿ, ಮಿಷನ್ ವಿಷಯ ಮಾತಾಡಬೇಕು, ಕೊಪ್ಪಕ್ಕೆ ಬಾ ಎಂದ. ವಿಘ್ನೇಶ್ವರ ಇಸ್ತ್ರಿ ಅಂಗಿ ಹಾಕಿಕೊಂಡು ನಗುನಗುತ್ತಲೇ ಬಂದ. ಪ್ರಸನ್ನಕುಮಾರನಿಗೆ ಶೇಷಪ್ಪ ಮೊದಲೇ ಎಲ್ಲ ಹೇಳಿದ್ದ. ಅವನು ತಲೆ ತಗ್ಗಿಸಿ ಯಾವುದೋ ಸ್ಪ್ರೇಯರ್ ಬಿಚ್ಚುತ್ತಿದ್ದ.

"ನಿನ್ನ ಕಾಲು ಕೊಯ್ದದ್ದು ಎಂತದು ವಿಘ್ನ?" ಎಂದು ಶೇಷಪ್ಪ ಕೇಳಿದ.

ನಗು ಹಾಗೇ ನಿಂತಿತು. ವಿಘ್ನೇಶ್ವರ ಪ್ರಸನ್ನಕುಮಾರನ ಕಡೆ ನೋಡಿದ, ರಸ್ತೆಯ ಕಡೆ ನೋಡಿದ. "ಕತ್ತಿ," ಎಂದ ಕೊನೆಗೆ.

"ಮತ್ತೆ ಎಂತಕ್ಕೆ?"

"ನಂಗೆ ಮಿಷನ್ ಬೇಕಿತ್ತು."

"ಕೇಳ್ಬೌದಿತ್ತಲ ಮಾರಾಯ! ಕೇಳಿದ್ರೆ ಇಲ್ಲ ಅಂತಿದ್ನ ನಾನು?"

"ಅಂತಿರ್ಲಿಲ್ಲ. ನಂಗೊತ್ತು," ವಿಘ್ನೇಶ್ವರನ ದನಿ ಗಡುಸಾಯಿತು. "ನೀನು ಕಮ್ಮಿಗೆ ಕೊಡ್ತಿದ್ದೆ, ಸುಮ್ನೆ ಬೇಕಾದ್ರೂ ಕೊಡ್ತಿದ್ದೆ. ಅದೇ ನಂಗೆ ಬ್ಯಾಡಾಗಿತ್ತು. ಹದಿನಾರು ವರ್ಷ ಶೇಷಪ್ಪನ ಹಗ್ಗದವ ಅಂತ್ಲೇ ಕರೆಸ್ಕಂಡೆ. ನಾಳೆ ನನ್ನ ಮಿಷನ್ನೂ ಶೇಷಪ್ಪ ಕೊಟ್ಟಿದ್ದು ಅಂತ ಜನ ಹೇಳದು ಬ್ಯಾಡ ಅಂತ. ಯಾರಿಗೂ ಬ್ಯಾಡಾದ್ದನ್ನ ನಾನು ತಗಂಡೆ ಅಂತ ಆಗ್ಲಿ ಅಂತ."

ಹಸಿವಿಗೆ ಮಾಡಿದ್ದರೆ ಶೇಷಪ್ಪ ಕ್ಷಮಿಸುತ್ತಿದ್ದನೋ ಏನೋ. ತಾನು ಪ್ರೀತಿ ಎಂದುಕೊಂಡಿದ್ದನ್ನೆಲ್ಲ ಇವನು ಇಷ್ಟು ವರ್ಷ ಭಾರದ ಹಾಗೆ ಹೊತ್ತಿದ್ದನೆ?

ವಿಘ್ನೇಶ್ವರ ಜೇಬಿನಿಂದ ನೋಟಿನ ಕಟ್ಟು ತೆಗೆದ. "ಗುಜರಿ ರೇಟು ಬ್ಯಾಡ. ನಿಂಗೆ ನಷ್ಟ ಆಗದು ಬ್ಯಾಡ ಅಂತ ಭಾವನ ಹತ್ರ ಈಸ್ಕಂಡು ಬಂದೆ. ಸೀತೂರಿನೋರು ಒಪ್ಪಿದ್ದಷ್ಟೂ ಇದೆ. ತಗ. ಗಿರಣಿ ನಿಂದಾಗ್ತದೆ. ನಾನು ಬಿಟ್ರೆ ಈ ಮೂರು ತಾಲೂಕಲ್ಲಿ ಅದನ್ನ ಯಾರೂ ಮುಟ್ಟೂದಿಲ್ಲ, ಅದೂ ನಿಂಗೊತ್ತು."

ಗೊತ್ತಿತ್ತು. ಅದೇ ಸಂಕಟ. ಆ ಮಿಷನ್ ರಕ್ತ ಕಂಡಿಲ್ಲವೆಂದು ಮನಸಾರೆ ನಂಬುವ ಗಿರಾಕಿ ಭೂಮಿಯ ಮೇಲೆ ಇವನೊಬ್ಬನೇ. ಶೇಷಪ್ಪ ನೋಟಿನ ಕಟ್ಟನ್ನು ನೋಡಿದ. ಅದರಲ್ಲಿ ಗಿರಣಿ ಇತ್ತು, ಮುದಿತನದ ಅನ್ನ ಇತ್ತು, ಸೀತಕ್ಕನ ನೆಮ್ಮದಿ ಇತ್ತು. ಆಮೇಲೆ ಹೊನ್ನಕ್ಕನಿಗೆ ಫೋನ್ ಮಾಡಿದ.

"ಹೊನ್ನಕ್ಕ, ನಂಗೆ ಈ ಸಲ ಆಗೂದಿಲ್ಲ. ಬೇರೆ ಯಾರಿಗಾದ್ರೂ ಕೊಡಿ," ಎಂದು ಹೇಳಿ ಇಟ್ಟ.

"ಹುಚ್ಚು ಹಿಡೀತಾ ನಿಂಗೆ?" ವಿಘ್ನೇಶ್ವರ ಕೂಗಿದ.

"ನೀನೇ ಊರಿಡೀ ಹೇಳಿದ್ದಲ್ಲ, ರಕ್ತ ಕಂಡ ಮಿಷನ್ ಅಂತ. ಅಂಥದ್ದನ್ನ ನಾನು ಯಾರಿಗೂ ಮಾರೂದಿಲ್ಲ."

ಶೇಷಪ್ಪ ಮಿಷನ್ನನ್ನು ಹಲಗೆಯಿಂದ ಇಳಿಸಿ ನೆಲದ ಮೇಲಿಟ್ಟ. ಬಿಡಿಭಾಗವಾಗಿ ಕೊಟ್ಟರೆ ಅಷ್ಟೋ ಇಷ್ಟೋ ಬರುತ್ತದೆ, ಪ್ಲಗ್ಗು ಕಾರ್ಬುರೇಟರುಗಳ ಚರಿತ್ರೆಯನ್ನು ಯಾರೂ ವಿಚಾರಿಸುವುದಿಲ್ಲ ಎಂದು ಪ್ರಸನ್ನಕುಮಾರ ಮೊದಲೇ ಹೇಳಿದ್ದ. ಶೇಷಪ್ಪ ಮೊದಲು ಚೈನ್ ಬಿಚ್ಚಿದ. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡ. ಕೈ ನಡುಗಿ ಅದು ಸ್ಕ್ರೂವಿನ ಸೀಳಿಗೆ ಕೂರಲೇ ಇಲ್ಲ, ಮೂರು ಸಲ ಜಾರಿತು, ಮಿಷನ್ ಅತ್ತಿತ್ತ ಸರಿಯಿತು.

ವಿಘ್ನೇಶ್ವರ ಅಭ್ಯಾಸಬಲದಿಂದ ಕುಕ್ಕರಗಾಲಲ್ಲಿ ಕೂತು, ಅದು ಅಲುಗಾಡದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದ. ಹದಿನಾರು ವರ್ಷ, ಶೇಷಪ್ಪ ಮಿಷನ್ ಬಿಚ್ಚಿ ಕಟ್ಟುವಾಗೆಲ್ಲ, ಹೀಗೇ ಹಿಡಿದಿದ್ದ. ಸ್ಕ್ರೂಡ್ರೈವರ್ ಸರಿಯಾಗಿ ಕೂತಿತು.

"ಕೈ ತೆಗಿ," ಎಂದ ಶೇಷಪ್ಪ.