ತಾಳ ಮಾತ್ರ ನಿಂತಿರಲಿಲ್ಲ

೧.
ಎಲ್ಲಿಂದ ಶುರು ಮಾಡಲಿ? ನಡುರಾತ್ರಿ, ಪಿಟ್ಸ್‌ಬರ್ಗಿನ ಚರ್ಚೊಂದರ ನೆಲಮಾಳಿಗೆಯಿಂದ ಕಂಚಿನ ತಾಳದ ಸಣ್ಣ ಸದ್ದು. (ಸದ್ದಿನಿಂದ ಶುರುವಾಗುವ ಕಥೆಗಳ ಮೇಲೆ ನನಗೇ ಅನುಮಾನ. ಆದರೂ ಇರಲಿ.)

೨.
ಮೊದಲು ಬರೆದದ್ದು ಪ್ರಬಂಧ: ರಾಮನಾಮ ಅಮೆರಿಕಕ್ಕೆ ಬಂದ ಬಗೆ. ಹಡಗು, ಸ್ವಾಮಿಗಳು, ಗ್ರಾಮಫೋನ್ ರೆಕಾರ್ಡು. ಹರಿದು ಹಾಕಿದೆ. ನನಗೆ ಗೊತ್ತಿದ್ದದ್ದು ಇಷ್ಟೇ: ಬಂಗಾಳದ ಸಾಧುವೊಬ್ಬರು ಲೊರೇನ್‌ಗೆ ಕಲಿಸಿದರು, ಲೊರೇನ್ ಈ ನೆಲಮಾಳಿಗೆಯಲ್ಲಿ ಸೇರುವ ನಮ್ಮ ಭಜನೆ ಗುಂಪಿಗೆ ಕಲಿಸಿದರು.

"ಇದೇ ಚರ್ಚಿನ ಹಾಡಿನ ಗುಂಪಲ್ಲಿ ನಂಗೆ ದನಿ ಬೇಡ, ಬರೀ ಬಾಯಿ ಆಡ್ಸು ಅಂತಿದ್ರು ಕಣೇ," ಎನ್ನುತ್ತಿದ್ದರು ಲೊರೇನ್. "ರಾಮ ಇನ್ನೂ ಏನೂ ಅಂದಿಲ್ಲ."

೩.
ಆ ಚಳಿಗಾಲ ಅವರ ಗಂಡ ಕ್ಯಾಸಿಮಿರ್‌ಗೆ ಹೃದಯದ ಆಪರೇಷನ್. ಅದು ಮುಗಿಯುವ ತನಕ ನಾಮ ನಿಲ್ಲಬಾರದೆಂದು ಲೊರೇನ್ ಹರಕೆ ಹೊತ್ತರು. ನಮ್ಮಲ್ಲಿ ನಿಯಮ ಒಂದೇ: ಮುಂದಿನವರು ಬಂದು ಸಾಲು ಎತ್ತಿಕೊಳ್ಳುವವರೆಗೆ ಹಾಡುತ್ತಿರುವವರು ಬಿಡುವಂತಿಲ್ಲ, ನಡುವೆ ಮಾತಾಡುವಂತಿಲ್ಲ.

ನನ್ನ ಸರದಿಗೆ ಮೆಟ್ಟಿಲಿಳಿದೆ. ತಾಳ ಕೇಳುತ್ತಿತ್ತು. ದನಿ ಇರಲಿಲ್ಲ. ಲೊರೇನ್ ಗೋಡೆಗೊರಗಿ ನಿದ್ದೆ ಹೋಗಿದ್ದರು; ಬೆರಳುಗಳು ಮಾತ್ರ ತಾಳ ತಟ್ಟುತ್ತಿದ್ದವು.

(ಇಲ್ಲಿ ಲೊರೇನ್ ಜಗಳಕ್ಕೆ ಬರುತ್ತಾರೆ. "ನನ್ನನ್ನೇ ಯಾಕೆ ಮಲಗಿಸ್ದೆ? ಕಥೆ ನಿಂದು ತಾನೇ, ಬೇರೆ ಯಾರನ್ನಾದ್ರೂ ಮಲಗಿಸು."

"ಮೂರು ಸಲ ಬರೆದು ನೋಡ್ದೆ, ಲೊರೇನ್. ಮೂರು ಸಲವೂ ನೀವೇ ಮಲಗಿದ್ರಿ.")

೪.
ಪಕ್ಕದಲ್ಲಿ ಕೂತು, ಆ ತಾಳಕ್ಕೇ ಸಾಲು ಹಿಡಿದೆ. ಸ್ವಲ್ಪ ಹೊತ್ತಿಗೆ ಲೊರೇನ್ ಬೆಚ್ಚಿ ಕಣ್ಣುಬಿಟ್ಟರು.

"ನಿಲ್ಲಲಿಲ್ಲ ತಾನೇ?"

ಹಾಡುವವಳು ಮಾತಾಡುವಂತಿಲ್ಲ. ಆ ನಿಯಮಕ್ಕೆ ನಾನೆಂದೂ ಅಷ್ಟು ಕೃತಜ್ಞಳಾಗಿರಲಿಲ್ಲ.

೫.
ಒಂದು ಮುಕ್ತಾಯದಲ್ಲಿ ಕ್ಯಾಸಿಮಿರ್ ಉಳಿಯುತ್ತಾರೆ. ನಾಮವೇ ಕಾಪಾಡಿತು ಎನ್ನುತ್ತಾರೆ ಲೊರೇನ್. ಇನ್ನೊಂದರಲ್ಲಿ ಉಳಿಯುವುದಿಲ್ಲ, ಲೊರೇನ್ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಎರಡರಲ್ಲೂ ನನ್ನ ಬಳಿ ಇರುವ ಉತ್ತರ ಅವರಿಗೆ ಕೊಡುವಂಥದ್ದಲ್ಲ. ಎರಡನ್ನೂ ಬರೆದೆ, ಎರಡನ್ನೂ ಹೊಡೆದು ಹಾಕಿದೆ.

ಪ್ರಬಂಧದಲ್ಲಿ ಬಿಟ್ಟುಹೋದದ್ದು ಬಹುಶಃ ಇದೇ. ಹಡಗಿನಲ್ಲೋ, ಅದಕ್ಕೂ ಹಿಂದೆ ಯಾವುದೋ ಮಠದ ಜಗಲಿಯ ಮೇಲೋ, ಯಾರೋ ತೂಕಡಿಸಿರಬೇಕು. ಪಕ್ಕದಲ್ಲಿದ್ದವರು ಸಾಲು ಎತ್ತಿಕೊಂಡು, ಆಮೇಲೆ ಯಾರಿಗೂ ಹೇಳದೆ ಇದ್ದಿರಬೇಕು.

(ನೀನು ಮಾತ್ರ ನಮಗೆ ಹೇಳಿಬಿಟ್ಟೆಯಲ್ಲ, ಎನ್ನುತ್ತೀರಿ. ನಿಮಗೆ ಹೇಳಿದ್ದು ಕಥೆ. ಹೆಸರುಗಳು ಬೇರೆ.)

ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಲೊರೇನ್ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಇನ್ನೂ ಯಾರೂ ಬಂದಿರಲಿಲ್ಲವಾದ್ದರಿಂದ ನಾನು ಹಾಡುತ್ತಲೇ ಇದ್ದೆ. ಫೋನಿನಲ್ಲಿ ಬಂದ ಸುದ್ದಿ ಏನೇ ಇರಲಿ, ರಾತ್ರಿ ನಾಮ ನಿಂತಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಆಗಲೇ ನಿರ್ಧರಿಸಿದ್ದೆ.