ಮುಟ್ಟಿದ ಮಂತ್ರಿ

ರಾಜ ಬೀಳುವವರೆಗೂ ಚದುರಂಗದ ಮಣೆ ಬಿಟ್ಟು ಏಳುವುದಿಲ್ಲ ಎಂದು ಏಳು ವರ್ಷದ ಹಿಂದೆ ಮಗಳಿಗೆ ಮಾತು ಕೊಟ್ಟಿದ್ದೆ. ಅವಳಿಗಾಗ ಒಂಬತ್ತು. ಯಾರೋ ನಕ್ಕರೆಂದು ಅರ್ಧ ಆಟಕ್ಕೇ ಸೋಲೊಪ್ಪಿಕೊಂಡು ಬಂದು ಅಳುತ್ತಿದ್ದಳು. "ಇನ್ಮೇಲೆ ನೀನೂ ಏಳ್ಬೇಡ, ನಾನೂ ಕಲಿತು ಆಡ್ತೀನಿ, ನಾನೂ ಏಳಲ್ಲ" ಎಂದಿದ್ದೆ. ಕುದುರೆ ಹೇಗೆ ನಡೆಯುತ್ತದೆಂಬುದೂ ಆಗ ನನಗೆ ಗೊತ್ತಿರಲಿಲ್ಲ.

ಮೊನ್ನೆ ಭಾನುವಾರ ಹವ್ಯಾಸಿಗಳ ಪಂದ್ಯಾವಳಿಯಲ್ಲಿ ನನಗೆ ಎದುರಾದವರು ಒಬ್ಬ ಗಣಿತದ ಮೇಷ್ಟ್ರು. ಆಟ ಸಮಸಮವಾಗಿಯೇ ಇತ್ತು. ನನ್ನ ಮಂತ್ರಿ ಮಾತ್ರ ತನ್ನ ಮನೆಯಲ್ಲಿ ಕೂರದೆ ಗೆರೆಯ ಮೇಲೆ ವಾಲಿಕೊಂಡಿತ್ತು. ಔಷಧಿ ಅಂಗಡಿಯಲ್ಲಿ ಹನ್ನೆರಡು ವರ್ಷ ಬಾಟಲಿ ಜೋಡಿಸಿದ ಕೈ ನನ್ನದು. ಓರೆ ಕಂಡರೆ ಸುಮ್ಮನಿರದು. ನಡೆಯುವ ಸರದಿ ನನ್ನದೇ. "ಸರಿಮಾಡ್ತೀನಿ" ಎಂದು ಮೊದಲೇ ಹೇಳಬೇಕಿತ್ತು, ಹೇಳದೆ ನೆಟ್ಟಗೆ ಮಾಡಿಬಿಟ್ಟೆ.

"ಮುಟ್ಟಿದ್ರಿ. ನಡೆಸಿ," ಅಂದರು ಮೇಷ್ಟ್ರು.

ಮುಟ್ಟಿದ ಕಾಯಿ ನಡೆಸಲೇಬೇಕು. ತೀರ್ಪುಗಾರನೂ ಹೌದೆಂದ. ಎಲ್ಲಿಟ್ಟರೂ ಮಂತ್ರಿ ಅವರ ಬಾಯಿಗೆ ತುತ್ತು. ಸಾಯುವುದಾದರೆ ಒಂದು ಸಿಪಾಯಿಯನ್ನಾದರೂ ಹೊಡೆದು ಸಾಯಲಿ ಎಂದು ನಡೆಸಿದೆ.

ಮಂತ್ರಿಯನ್ನು ಎತ್ತಿಟ್ಟು ಮೇಷ್ಟ್ರು ಕೈ ಚಾಚಿದರು. "ಒಪ್ಕೊಂಡ್ಬಿಡಿ ಅಮ್ಮಾ. ಮನೇಲಿ ಕೆಲಸ ಇರತ್ತೆ."

"ಕೆಲಸ ಎಲ್ಲೂ ಓಡಿಹೋಗಲ್ಲ ಸಾರ್. ದಿನಾ ಹತ್ತು ಗಂಟೆ ನಿಂತೇ ಇರ್ತೀನಿ. ಕೂರೋಕೆ ಸಿಕ್ಕಿರೋದು ಇವತ್ತೊಂದಿನ."

ಚಾಚಿದ ಕೈ ಹಿಂದೆ ಹೋಯಿತು. ಒಂದು ಗಂಟೆ ಕಳೆಯಿತು. ಉಳಿದ ಮೇಜುಗಳೆಲ್ಲ ಖಾಲಿಯಾದವು. ಅವಸರಪಟ್ಟ ಮೇಷ್ಟ್ರು ಒಂದು ಆನೆ ಕಳೆದುಕೊಂಡರು. ಆಮೇಲೆ ಗಡಿಯಾರ ನೋಡುವುದನ್ನು ಬಿಟ್ಟು ಮಣೆ ನೋಡತೊಡಗಿದರು.

ತನ್ನ ಆಟ ಮುಗಿಸಿ ಬಂದ ಮಗಳು ಹಿಂದೆ ನಿಂತು ಪಿಸುಗುಟ್ಟಿದಳು. "ಅಮ್ಮಾ, ಸಾಕು, ಏಳು. ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡು. ಟಿಕೆಟ್ಟೇನೂ ಇಟ್ಟಿಲ್ಲವಲ್ಲ."

ಮೇಷ್ಟ್ರು ಮೊದಲ ಸಲ ನಕ್ಕರು. "ನಿಮ್ಮಮ್ಮ ಮನೇಲೂ ಹೀಗೇನಾ?"

"ಮನೇಲಿ ಇನ್ನೂ ಜಾಸ್ತಿ ಸಾರ್," ಅಂದಳು ಮಗಳು, ಪಕ್ಕದ ಕುರ್ಚಿ ಎಳೆದುಕೊಂಡು ಕೂತು.

ನನ್ನ ರಾಜನನ್ನು ಮೂಲೆಗೆ ಅಟ್ಟಲು ಅವರಿಗೆ ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಎಪ್ಪತ್ತೊಂದನೆಯ ನಡೆಗೆ ಚೆಕ್‌ಮೇಟ್ ಆಗಿ ರಾಜ ಬಿದ್ದ. ನಾನು ಸೋತೆ. ಮಾತಿಗೆ ತಪ್ಪಲಿಲ್ಲ.