ತೊಟ್ಟಿಗೊಂದು ಮುಚ್ಚಳ

ಯುಗಾದಿ ಕಳೆದು ಹತ್ತು ದಿನವಾಗಿತ್ತು. ಶುಕ್ರವಾರ, ದೀಪ ಹಚ್ಚುವ ಹೊತ್ತು. ಟಿ. ದಾಸರಹಳ್ಳಿಯ ನಮ್ಮ ಮನೆಯ ಕೆಳಭಾಗದಲ್ಲಿ ಬಾಡಿಗೆಗಿರುವ ಶಿವಶರಣಪ್ಪನ ಮಗಳು ಸ್ಮಿತಾ ಹೊಸಿಲ ಮೇಲೆ ತಲೆ ಹಿಡಿದು ಕೂತಿದ್ದಳು. ಏಳು ತಿಂಗಳ ಬಸುರಿ. ಅಟ್ಟೂರಿನ ಗಂಡನ ಮನೆಯಿಂದ ಹೆರಿಗೆಗೆಂದು ಬಂದು ನಾಲ್ಕೇ ದಿನವಾಗಿತ್ತು.

"ಅಜ್ಜಾರ, ನಾ ವಾಪಸ್ ಹೋಗ್ತೀನ್ರಿ. ಈ ವಾಸನಿಗೆ ತಲಿ ತಿರಗತೈತಿ," ಎಂದಳು.

ವಾಸನೆ ಬರುತ್ತಿದ್ದದ್ದು ಮುಂದಿನ ಕೋಣೆಯಿಂದ. ವಿಜಯಪುರದ ಕಡೆಯ ಶಿವಶರಣಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಂಜೆ ಮನೆಯಲ್ಲೇ ಹಳೆ ಬೈಕುಗಳ ಕಾರ್ಬೊರೇಟರ್, ಗೇರು ಬಿಚ್ಚಿ ತೊಳೆದುಕೊಡುತ್ತಾನೆ. ಅದಕ್ಕೊಂದು ತಗಡಿನ ತೊಟ್ಟಿ, ಅದರ ತುಂಬ ಬಣ್ಣ ತೆಳುಮಾಡಲು ಬಳಸುವ ಥಿನ್ನರ್. ವಾಸನೆ ಹೋಗಲೆಂದು ತೊಟ್ಟಿಗೆ ಎದುರಾಗಿ ಫ್ಯಾನ್ ಇಟ್ಟಿದ್ದ. ಸಾಲದ್ದಕ್ಕೆ ಅವನ ಹೆಂಡತಿ ಸಂಗವ್ವ ಶುಕ್ರವಾರದ ಸಾಂಬ್ರಾಣಿ ಹೊಗೆಯನ್ನು ಆ ಕೋಣೆಗೂ ಹಿಡಿಯುತ್ತಿದ್ದಳು.

ಅವತ್ತು ಅವಳು ಕೆಂಡದ ಧೂಪಾರತಿ ಹಿಡಿದು ಬರುವಾಗ ಜಗಲಿಯಲ್ಲಿ ನನ್ನ ಜೊತೆ ಖಾದರ್ ಬಾಷಾ ಇದ್ದ. ಆರ್.ಟಿ. ನಗರದ ಹಳೆಯ ಗೆಳೆಯ, ಮೂವತ್ತು ವರ್ಷ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದವನು. ಚಹಾ ಬಿಟ್ಟು ಎದ್ದ.

"ಅಮ್ಮಾ, ಅಲ್ಲೇ ನಿಲ್ಲಿ. ಆ ಕೆಂಡ ಒಳಗೆ ಬೇಡ."

"ದೇವರ ಹೊಗಿ ಬ್ಯಾಡಂದ್ರ ಹ್ಯಾಂಗ್ರಿ ಸಾಹೇಬ್ರ?"

"ದೇವರಿಗೆ ಹೊರಗಡೆ ಹಿಡೀರಿ, ಬೇಜಾರ್ ಮಾಡ್ಕೊಳ್ಳಲ್ಲ. ಒಳಗೆ ನೆಲದುದ್ದ ಥಿನ್ನರ್ ಆವಿ ಹಾಸ್ಕೊಂಡಿದೆ. ಒಂದು ಕಿಡಿ ಸಾಕು ಕಣಮ್ಮ."

ಈ ಬೀದಿ ರಾಗಿ ಹೊಲವಾಗಿದ್ದಾಗ ಒಂದು ಬೀಡಿ ತುಂಡಿಗೆ ನಮ್ಮ ಬಣವೆ ಪೂರಾ ಸುಟ್ಟುಹೋದದ್ದು ನನಗೆ ನೆನಪಾಯಿತು. "ಇಳಿಸವ್ವ," ಎಂದೆ. ಅವಳು ಅಂಗಳದಲ್ಲೇ ಇಳಿಸಿದಳು.

ಶಿವಶರಣಪ್ಪ ನಕ್ಕ. "ಹನ್ನೆರಡು ವರ್ಸದಿಂದ ತೊಳ್ಯಾಕತ್ತೀನ್ರಿ. ನನಗೇನೂ ವಾಸನೀನ ಬರಂಗಿಲ್ಲ."

"ನಿನ್ನ ಮೂಗು ಸತ್ತಿದೆ ಗುರು. ಮಗಳದ್ದು ಇನ್ನೂ ಬದುಕಿದೆ. ವಾರಕ್ಕೆ ಎಷ್ಟು ಸುರೀತೀಯ?"

"ಮೂರು ಲೀಟರ್. ಯಾರೋ ಕದೀತಾರ ಅನಸ್ತೈತಿ," ಎಂದು ನನ್ನ ಕಡೆ ನೋಡಿದ.

"ನಾನೇನ್ ಕುಡೀತೀನೇನಪ್ಪಾ? ಯಾಕಿಂಗೆ ನೋಡ್ತೀಯ?" ಎಂದೆ.

"ಕಳ್ಳ ನಿನ್ನ ಫ್ಯಾನು," ಎಂದ ಖಾದರ್.

ಶಿವಶರಣಪ್ಪ ನಂಬಲಿಲ್ಲ. ಖಾದರ್ ವಾದ ಮಾಡಲಿಲ್ಲ. ಹಿತ್ತಲಿನ ನೆರಳಲ್ಲಿ, ಒಲೆ ದೀಪಗಳಿಂದ ದೂರ, ಎರಡು ಹಳೆ ಡಬ್ಬಿಗಳಿಗೆ ನಾಲ್ಕು ನಾಲ್ಕು ಬೆರಳು ಥಿನ್ನರ್ ಹಾಕಿಸಿದ. ಒಂದಕ್ಕೆ ಮುಚ್ಚಳ, ಒಂದಕ್ಕಿಲ್ಲ. ಸ್ಮಿತಾಳನ್ನು ನಾನು ಮಹಡಿಗೆ, ನಮ್ಮ ಮನೆಗೆ ಕರೆದುಕೊಂಡು ಹೋದೆ.

ಮಂಗಳವಾರ ಖಾದರ್ ಮತ್ತೆ ಬಂದ. ಮುಚ್ಚಿದ್ದರಲ್ಲಿ ನಾಲ್ಕು ಬೆರಳು ಹಾಗೇ ಇತ್ತು. ತೆರೆದದ್ದರಲ್ಲಿ ಎರಡು. ಶಿವಶರಣಪ್ಪ ಕಡ್ಡಿ ಅದ್ದಿ ಅದ್ದಿ ನೋಡಿದ.

"ಉಳಿದಿದ್ದು ಎಲ್ಲಿ ಹೋತ್ರಿ?" ಎಂದಳು ಸಂಗವ್ವ.

"ಗಾಳಿಗಮ್ಮ. ಫ್ಯಾನ್ ಇಟ್ರೆ ಇನ್ನೂ ಬೇಗ. ಆ ಗಾಳೀನೇ ನಿಮ್ಮ ಮಗಳು ಕುಡಿದಿದ್ದು."

ಶಿವಶರಣಪ್ಪ ಕಡ್ಡಿ ಬಿಸಾಕಿ ಎದ್ದ. ತೊಟ್ಟಿಯ ಮುಚ್ಚಳವೆಲ್ಲಿ ಎಂದು ಖಾದರ್ ಕೇಳಿದಾಗ ಗೋಡೆ ತೋರಿಸಿದ. ಮುಚ್ಚಳವನ್ನು ಗೋಡೆಗೆ ಬಡಿದು ಸ್ಪ್ಯಾನರ್ ನೇತುಹಾಕಿದ್ದ. ತಾನೇ ಮೊಳೆ ಕಿತ್ತ.

ಅಂದೇ ತೊಟ್ಟಿ ಹಿತ್ತಲಿನ ಶೆಡ್ಡಿಗೆ ಹೋಯಿತು. ಅಲ್ಲಿ ಬಿಸಿಲಿಲ್ಲ, ಎರಡು ಕಡೆ ತೆರಪಿದೆ. ಶಿವಶರಣಪ್ಪ ಥಿನ್ನರ್ ಬಿಟ್ಟು, ಪಾರ್ಟ್ಸ್ ತೊಳೆಯಲೆಂದೇ ಸಿಗುವ, ಬೇಗ ಆರದ ದ್ರಾವಣ ತಂದ. ಅದನ್ನೂ ಅರ್ಧ ತೊಟ್ಟಿ ಮಾತ್ರ ಹಾಕುತ್ತಾನೆ. ದ್ರಾವಣ ತೊಟ್ಟಿಯ ಅಂಚಿಗಿಂತ ಕೆಳಗಿದ್ದರೆ ಗಾಳಿ ತಾಕುವುದು ಕಡಿಮೆ. ತೊಳೆದದ್ದನ್ನು ಸರಕ್ಕನೆ ಎತ್ತುವುದಿಲ್ಲ, ತೊಟ್ಟಿಯೊಳಗಿನ ಜಾಲರಿಯ ಮೇಲೆ ತೊಟ್ಟಿಕ್ಕುವುದು ನಿಲ್ಲುವವರೆಗೆ ಇಡುತ್ತಾನೆ. ಕಂಪ್ರೆಸರ್ ಗಾಳಿ ಊದಿ ಒಣಗಿಸುವುದನ್ನೂ ಬಿಟ್ಟ. ಒರೆಸಿದ ಬಟ್ಟೆ ಮುಚ್ಚಳದ ತಗಡಿನ ಡಬ್ಬಿಗೆ.

"ವಾಸನೆ ಕಮ್ಮಿ ಆಯ್ತು ಅಂತ ಬಸುರಿ ತೊಟ್ಟಿ ಹತ್ರ ಹೋಗ್ಬಾರ್ದು," ಎಂದ ಖಾದರ್. "ತಲೆ ತಿರುಗಿದ್ದನ್ನ ಡಾಕ್ಟರಿಗೂ ಹೇಳಿ." ಮರುದಿನವೇ ಸಂಗವ್ವ ಮಗಳನ್ನು ತೋರಿಸಿಕೊಂಡು ಬಂದಳು.

ಮನೆಯಲ್ಲೇ ಕೆಲಸ ಮಾಡುವ ಅಣ್ಣತಮ್ಮಂದಿರೇ, ನಿಮ್ಮ ಮೂಗನ್ನು ನಂಬಬೇಡಿ, ಅದಕ್ಕೆ ವಾಸನೆ ರೂಢಿಯಾಗಿರುತ್ತದೆ. ಮನೆಗೆ ಹೊಸದಾಗಿ ಬಂದವರು ವಾಸನೆ ಎಂದರೆ ಕೇಳಿ. ಕೈ ತೆಗೆದ ಕೂಡಲೇ ತೊಟ್ಟಿ ಮುಚ್ಚಿ. ಫ್ಯಾನ್ ಅದರ ಮೇಲೆ ತಿರುಗಿಸಬೇಡಿ, ಬೆಂಕಿ ಹತ್ತಿರ ತರಬೇಡಿ, ಕೊಳೆಯಾದ ದ್ರಾವಣವನ್ನು ಮೋರಿಗೆ ಚೆಲ್ಲಬೇಡಿ. ತೊಟ್ಟಿಯಲ್ಲಿ ಕಡಿಮೆಯಾದದ್ದು ಮನೆಯವರ ಉಸಿರಿಗೆ ಹೋಗಿರುತ್ತದೆ.

ಹೆಣ್ಣು ಮಗು ತವರಲ್ಲೇ ಆಯಿತು. ಐದು ತಿಂಗಳು ತುಂಬಿದ ಮೇಲೆ, ಒಂದು ಗುರುವಾರ ಬೆಳಿಗ್ಗೆ, ಸ್ಮಿತಾ ಮಗುವನ್ನು ಎತ್ತಿಕೊಂಡು ಅಟ್ಟೂರಿಗೆ ಹೊರಟಳು.